ಮೂಲೆಗೆ ನಿಂತ ಟಾಟಾ ಏಸ್: ಸೆಲ್ಫ್ ಹೊಡೆಯುವ ಮೊದಲು, ಆಮೇಲೆ

ವರ್ಷಗಟ್ಟಲೆ ನಿಂತಿದ್ದ ಗಾಡಿ ಕೊಂಡವರಲ್ಲಿ ಬಹಳ ಜನ ಮೊದಲು ಮಾಡುವ ಕೆಲಸ, ಇನ್ನೊಂದು ಗಾಡಿಯ ಬ್ಯಾಟರಿಯಿಂದ ವೈರ್ ಕೊಟ್ಟು ಸೆಲ್ಫ್ ಹೊಡೆಯುವುದು. ದಯವಿಟ್ಟು ಅದನ್ನು ಮಾಡಬೇಡಿ. ನಿಂತ ಇಂಜಿನ್ನಿನ ಸಿಲಿಂಡರ್ ಗೋಡೆಯ ಮೇಲೆ ಆಯಿಲ್ ಪದರ ಉಳಿದಿರುವುದಿಲ್ಲ. ಟೈಮಿಂಗ್ ಬೆಲ್ಟ್ (ಪಿಸ್ಟನ್ನಿಗೂ ವಾಲ್ವಿಗೂ ತಾಳ ಕೂಡಿಸುವ ಪಟ್ಟಿ) ಯಾವ ಕಾಲದ್ದೋ ಗೊತ್ತಿರುವುದಿಲ್ಲ. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಕೂತಿರುತ್ತದೆ. ಎರಡು ದಿನ ತಡೆದರೆ ಉಳಿಯುತ್ತಿದ್ದ ಇಂಜಿನ್ ಹತ್ತು ಸೆಕೆಂಡಿನ ಸೆಲ್ಫ್‌ನಲ್ಲಿ ಹೋಗಿಬಿಡಬಹುದು.

ಇಲ್ಲಿ ಬರೆಯುತ್ತಿರುವುದು ಹಳೇ ಟಾಟಾ ಏಸ್ ಬಗ್ಗೆ. 2005ರ ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದು, ‘ಛೋಟಾ ಹಾಥಿ’ ಎಂದು ಹೆಸರು ಮಾಡಿದ ಗಾಡಿ. 702 ಸಿಸಿ, ಎರಡು ಸಿಲಿಂಡರ್, ಟರ್ಬೊ ಇಲ್ಲ, 16 ಎಚ್‌ಪಿ. ಇಂಡಿಕಾದ 1405 ಸಿಸಿ ಡೀಸೆಲ್ ಇಂಜಿನ್ನಿನ ಅರ್ಧ ಎಂದುಕೊಳ್ಳಿ. ಇಂಜಿನ್ ಇರುವುದು ಸೀಟಿನ ಕೆಳಗೆ. ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಹಳೇ ಮಾಡೆಲ್ ಆದರೆ ಸ್ಕ್ಯಾನರ್, ಲ್ಯಾಪ್‌ಟಾಪ್ ಯಾವುದೂ ಬೇಡ. ಒಂದು ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್, ಮಲ್ಟಿಮೀಟರ್, ಒಳ್ಳೆಯ ಜಾಕಿ, ನಾಲ್ಕು ಸ್ಟ್ಯಾಂಡ್ ಇದ್ದರೆ ಮುಕ್ಕಾಲು ಪಾಲು ಕೆಲಸ ಮನೆಯಂಗಳದಲ್ಲೇ ಆಗುತ್ತದೆ. ಬಿಡಿಭಾಗಕ್ಕೂ ಪರದಾಡಬೇಕಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ತಾಲ್ಲೂಕು ಕೇಂದ್ರಗಳ ಸ್ಪೇರ್ಸ್ ಅಂಗಡಿಗಳಲ್ಲೂ ಏಸ್ ಸಾಮಾನು ಸಿಗುತ್ತದೆ. ಮನೆಯಲ್ಲಿ ರಿಪೇರಿ ಮಾಡಿ ಕಲಿಯಲು ಇದಕ್ಕಿಂತ ಒಳ್ಳೆಯ ಗೂಡ್ಸ್ ಗಾಡಿ ನಮ್ಮಲ್ಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಏನು ಹೊತ್ತ ಗಾಡಿ ಎಂದು ಕೇಳಿ

ಮಾರುವವರ ಹತ್ತಿರ ಕಿಲೋಮೀಟರ್ ಎಷ್ಟಾಗಿದೆ ಎಂದು ಕೇಳುವುದಕ್ಕಿಂತ ಏನು ಲೋಡ್ ಹೊಡೆಯುತ್ತಿದ್ದಿರಿ ಎಂದು ಕೇಳುವುದು ಒಳ್ಳೆಯದು. ಕರಾವಳಿಯಲ್ಲಿ ಮೀನು ಸಾಗಿಸಿದ ಗಾಡಿಯ ಬಾಡಿ ತಳ, ಹಿಂದಿನ ಅಡ್ಡಪಟ್ಟಿ, ಹಿಂಬದಿ ಡೋರಿನ ಹಿಂಜ್‌ಗಳನ್ನು ಉಪ್ಪು ನೀರು ತಿಂದಿರುತ್ತದೆ. ಮೇಲೆ ಹೊಸ ಪೇಂಟ್ ಇದ್ದರೂ ಸ್ಕ್ರೂ ಡ್ರೈವರ್‌ನಿಂದ ಕುಟ್ಟಿದರೆ ಡಬ್ ಎಂಬ ಮಂಕು ಸದ್ದು ಬರುತ್ತದೆ. ಗೊಬ್ಬರದ ಗಾಡಿಯದೂ ಅದೇ ಕಥೆ. ಇಟ್ಟಿಗೆ, ಎಂ ಸ್ಯಾಂಡ್ ಹೊಡೆದ ಗಾಡಿಗೆ ತುಕ್ಕಿಗಿಂತ ಓವರ್‌ಲೋಡ್ ಪೆಟ್ಟು ಹೆಚ್ಚು. ಏಸ್‌ನ ಲೆಕ್ಕದ ಹೊರೆ 750 ಕೆ.ಜಿ.; ಅದರ ಎರಡು ಪಟ್ಟು ಹೇರಿದವರು ಬೇಕಾದಷ್ಟು. ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಹೆಚ್ಚುವರಿ ಪಟ್ಟಿ ಸೇರಿಸಿದ್ದರೆ ಅದೇ ಸಾಕ್ಷಿ. ಆಗ ಸ್ಪ್ರಿಂಗ್ ಬ್ರ್ಯಾಕೆಟ್ ಚಾಸಿಗೆ ಕೂರುವ ಜಾಗ, ಕ್ಯಾಬಿನ್ ಹಿಂಬದಿಗೆ ಸರಿಯಾಗಿ ಚಾಸಿ ಹಾದುಹೋಗುವ ಜಾಗ, ಇವೆರಡನ್ನೂ ವೈರ್ ಬ್ರಷ್‌ನಲ್ಲಿ ಉಜ್ಜಿ ಟಾರ್ಚ್ ಹಿಡಿದು ನೋಡಿ. ಕೂದಲೆಳೆಯ ಬಿರುಕು ಕಂಡರೆ ಆ ಗಾಡಿ ಬಿಟ್ಟುಬಿಡಿ. ಚಾಸಿ ವೆಲ್ಡಿಂಗ್ ಮನೆಯಂಗಳದ ಕೆಲಸವಲ್ಲ.

ಕಾಗದಪತ್ರ ನೋಡದೆ ಅಡ್ವಾನ್ಸ್ ಕೊಡಬೇಡಿ. ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಟ್ಯಾಕ್ಸ್, ಸಾಲದ ನಮೂದು ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಹೆಸರು ಉಳಿದಿದ್ದರೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29, 30. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ. ವಯಸ್ಸು ಏರಿದಂತೆ ಶುಲ್ಕವೂ ಏರುತ್ತದೆ, ಅದನ್ನು ಗಾಡಿಯ ಬೆಲೆಯೊಳಗೇ ಲೆಕ್ಕ ಹಿಡಿಯಿರಿ.

ಇಂಜಿನ್ನನ್ನು ಮೊದಲು ಕೈಯಲ್ಲಿ ತಿರುಗಿಸಿ

ಸೀಟು ಎತ್ತಿ, ಏರ್ ಫಿಲ್ಟರ್ ಬಿಚ್ಚಿ, ಒಳಗೆ ಇಲಿ ಗೂಡು ಇದೆಯೇ ನೋಡಿ. ನಿಂತ ಗಾಡಿಯಲ್ಲಿ ಇದು ಮಾಮೂಲು, ಜೊತೆಗೆ ವೈರಿಂಗ್ ಕಡಿದಿರುವುದೂ ಮಾಮೂಲು. ಡಿಪ್‌ಸ್ಟಿಕ್ ಎಳೆದು ಆಯಿಲ್ ಮೂಸಿ ನೋಡಿ. ಮಟ್ಟ ಮೇಲಿನ ಗೆರೆ ದಾಟಿ, ಡೀಸೆಲ್ ವಾಸನೆ ಬಂದರೆ ಒಳಗೆ ಡೀಸೆಲ್ ಸೇರಿದೆ. ಹಾಗೆಯೇ ಸ್ಟಾರ್ಟ್ ಮಾಡಿದರೆ ಇಂಜಿನ್ ಆ ಮಿಶ್ರಣವನ್ನೇ ಎಳೆದುಕೊಂಡು, ಚಾವಿ ಆಫ್ ಮಾಡಿದರೂ ನಿಲ್ಲದೆ ರೇಸ್ ಆಗುವ ಅಪಾಯ ಇದೆ. ಆಯಿಲ್ ಹಾಲಿನ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಿ.

ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, 15ಡಬ್ಲ್ಯೂ-40 ಡೀಸೆಲ್ ಇಂಜಿನ್ ಆಯಿಲ್ ತುಂಬಿ. ಎರಡೂ ಹೀಟರ್ ಪ್ಲಗ್ (ಸ್ಟಾರ್ಟ್‌ಗೆ ಮುಂಚೆ ಸಿಲಿಂಡರ್ ಬಿಸಿ ಮಾಡುವ ಪ್ಲಗ್) ಬಿಚ್ಚಿ, ಆ ತೂತಿನಿಂದ ಒಂದೊಂದು ಸಿಲಿಂಡರ್‌ಗೆ 5ರಿಂದ 10 ಮಿ.ಲೀ. ಇಂಜಿನ್ ಆಯಿಲ್ ಸಿರಿಂಜ್‌ನಲ್ಲಿ ಬಿಡಿ. ಹತ್ತಕ್ಕಿಂತ ಹೆಚ್ಚು ಬೇಡ. ಒಂದು ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ಗೇರ್ ನ್ಯೂಟ್ರಲ್‌ಗೆ ತಂದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಇಂಜಿನ್ ಓಡುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ನಿಧಾನಕ್ಕೆ ತಿರುಗಿಸಿ. ಪ್ಲಗ್ ಇಲ್ಲದಿರುವುದರಿಂದ ಕಂಪ್ರೆಶನ್ ತಡೆಯುವುದಿಲ್ಲ, ಸಲೀಸಾಗಿ ತಿರುಗಬೇಕು. ಒಂದೇ ಜಾಗದಲ್ಲಿ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ. ರಿಂಗ್ ಹಿಡಿದಿದ್ದರೆ ಇನ್ನೂ ಒಂದೆರಡು ದಿನ ಆಯಿಲ್ ನೆನೆಯಲಿ. ವಾಲ್ವ್ ಹಿಡಿದಿದ್ದರೆ ಬಲ ಹಾಕಿದ ತಕ್ಷಣ ಬಾಗುತ್ತದೆ.

ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ಕೈಯಲ್ಲಿ ಇಲ್ಲವೆಂದರೆ ಬೆಲ್ಟ್ ಬದಲಿಸಿಯೇ ಮುಂದಿನ ಕೆಲಸ. ಜೊತೆಗೆ ಟೆನ್ಶನರ್ ಕೂಡ. ನಿಂತಲ್ಲೇ ರಬ್ಬರ್ ಒಣಗುತ್ತದೆ, ಕ್ರ್ಯಾಂಕ್ ಸೀಲಿನಿಂದ ಆಯಿಲ್ ಜಿನುಗಿದ್ದರೆ ಹಲ್ಲು ಉದುರುತ್ತದೆ. ಈ ಇಂಜಿನ್ನಿನಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್ನು ವಾಲ್ವ್‌ಗೆ ಹೊಡೆಯುತ್ತದೆ, ಹೆಡ್ ಇಳಿಸದೆ ಬೇರೆ ದಾರಿ ಇರುವುದಿಲ್ಲ. ಹಳೇ ಬೆಲ್ಟ್ ಬಿಚ್ಚುವ ಮೊದಲು ಕ್ರ್ಯಾಂಕ್, ಕ್ಯಾಮ್, ಡೀಸೆಲ್ ಪಂಪ್ ಮೂರರ ಗುರುತುಗಳನ್ನೂ ಸಾಲಿಗೆ ತಂದು ಬಿಳಿ ಪೇಂಟ್ ಹಚ್ಚಿಕೊಳ್ಳಿ, ಫೋಟೋ ತೆಗೆದುಕೊಳ್ಳಿ. ಹೊಸದು ಹಾಕಿದ ಮೇಲೆ ಮತ್ತೆ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಕೂಡುತ್ತದೆಯೇ ನೋಡಿ.

ಪ್ಲಗ್ ಹೊರಗಿರುವಾಗಲೇ ಕಂಪ್ರೆಶನ್ ನೋಡಿಬಿಡಿ. ಡೀಸೆಲ್ ಗೇಜೇ ಬೇಕು, ಪೆಟ್ರೋಲ್ ಗೇಜ್ ಒಡೆದುಹೋಗುತ್ತದೆ. ಈ ಬಗೆಯ ಇಂಜಿನ್ನಿನಲ್ಲಿ 25ರಿಂದ 30 ಬಾರ್ ಬಂದರೆ ಆರೋಗ್ಯ ಚೆನ್ನಾಗಿದೆ. 20ರ ಕೆಳಗೆ ಇಳಿದರೆ ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗುವುದು ಕಷ್ಟ. ಸಿಲಿಂಡರ್‌ಗೆ ಆಯಿಲ್ ಬಿಟ್ಟ ಕೂಡಲೇ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಮೊದಲು ಸ್ವಲ್ಪ ಸೆಲ್ಫ್ ಹೊಡೆದು ಆಯಿಲ್ ಹೊರಗೆ ಚಿಮ್ಮಲು ಬಿಟ್ಟು ಆಮೇಲೆ ಅಳೆಯಿರಿ. ಇಂಜಿನ್ ಒಮ್ಮೆ ಚೆನ್ನಾಗಿ ಓಡಿ ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆದರೆ ಇನ್ನೂ ಸರಿ.

ಹೀಟರ್ ಪ್ಲಗ್‌ನ ಮೇಲ್ತುದಿ ಮತ್ತು ಬಾಡಿ ನಡುವೆ ಮಲ್ಟಿಮೀಟರ್ ಇಟ್ಟರೆ ಸುಮಾರು ಒಂದು ಓಮ್ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಒಂದು ಪ್ಲಗ್ ಹೋದರೆ ಹೇಗೋ ನಡೆಯುತ್ತದೆ. ಏಸ್‌ನಲ್ಲಿ ಒಂದು ಹೋಯಿತೆಂದರೆ ಅರ್ಧ ಇಂಜಿನ್ ತಣ್ಣಗಿರುತ್ತದೆ: ಒಂದೇ ಸಿಲಿಂಡರ್ ಹೊಡೆದು ಗಾಡಿ ಇಡೀ ಅದುರುತ್ತದೆ, ಬಿಳಿ ಹೊಗೆ ಕಾರುತ್ತದೆ. ಇದನ್ನು ನೋಡಿ ಪಂಪ್ ಹೋಗಿದೆ ಎಂದು ದುಬಾರಿ ಬಿಲ್ಲು ಮಾಡುವವರಿದ್ದಾರೆ. ಪ್ಲಗ್ಗನ್ನು ನೀವೇ ನೋಡಿಕೊಂಡು ಹೋಗಿ.

ಡೀಸೆಲ್ ಮತ್ತು ಏರ್

ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಹಳೇ ಡೀಸೆಲ್ಲಿನ ಅಡಿಯಲ್ಲಿ ನೀರು ನಿಂತು, ಎರಡರ ನಡುವೆ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಆಗಿರುತ್ತದೆ. ಅದು ಫಿಲ್ಟರ್ ಕಟ್ಟಿಸುತ್ತದೆ. ನೀರು ಪಂಪಿನವರೆಗೆ ಹೋದರೆ ಒಳಗಿನ ನುಣುಪು ಭಾಗಗಳು ತುಕ್ಕು ಹಿಡಿಯುತ್ತವೆ. ಟ್ಯಾಂಕ್ ಬಿಚ್ಚಿ ಒಂದೆರಡು ಲೀಟರ್ ಹೊಸ ಡೀಸೆಲ್ ಹಾಕಿ ಕುಲುಕಿ ಚೆಲ್ಲಿ, ಲೋಳೆ ಬರುವುದು ನಿಲ್ಲುವವರೆಗೆ. ಟ್ಯಾಂಕ್ ತೂತಾಗಿದ್ದರೆ ಖಾಲಿ ಇದೆಯೆಂದು ಮನೆಯಲ್ಲಿ ವೆಲ್ಡಿಂಗ್ ಮಾಡಲು ಹೋಗಬೇಡಿ. ಒಳಗಿನ ಆವಿಯೇ ಸಿಡಿಯುತ್ತದೆ.

ಫಿಲ್ಟರ್ ಹೊಸದು, ರಬ್ಬರ್ ಪೈಪ್‌ಗಳೆಲ್ಲ ಹೊಸವು, ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರ್ ಹೊಸವು. ಇವು ಅಗ್ಗದ ಸಾಮಾನು, ಆದರೆ ನಿಂತ ಗಾಡಿ ಸ್ಟಾರ್ಟ್ ಆಗದಿರುವುದಕ್ಕೆ ಮುಖ್ಯ ಕಾರಣ ಇವೇ. ಒಣಗಿದ ಪೈಪ್ ಡೀಸೆಲ್ ಸೋರಿಸದೆಯೂ ಗಾಳಿ ಎಳೆಯಬಲ್ಲದು. ಅನುಮಾನ ಇದ್ದರೆ ಫಿಲ್ಟರ್ ಮತ್ತು ಪಂಪ್ ನಡುವೆ ತಾತ್ಕಾಲಿಕವಾಗಿ ಪಾರದರ್ಶಕ ಡೀಸೆಲ್ ಪೈಪ್ ಹಾಕಿ, ಗುಳ್ಳೆ ಓಡುತ್ತಿದೆಯೇ ನೋಡಿ. ಆಮೇಲೆ ಏರ್ ತೆಗೆಯಿರಿ: ಫಿಲ್ಟರ್ ಮೇಲಿನ ಬೋಲ್ಟ್ ಸಡಿಲಿಸಿ, ಕೈಪಂಪ್ ಒತ್ತಿ, ಗುಳ್ಳೆ ಇಲ್ಲದ ಡೀಸೆಲ್ ಬಂದ ಮೇಲೆ ಬಿಗಿಮಾಡಿ. ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ಬಿಡುವ, ನಿಲ್ಲಿಸುವ ಕರೆಂಟ್ ವಾಲ್ವ್) ಇದ್ದರೆ ಚಾವಿ ಆನ್ ಮಾಡಿದಾಗ ಟಕ್ ಎನ್ನಬೇಕು. ಅನ್ನದಿದ್ದರೆ ಎಷ್ಟು ಏರ್ ತೆಗೆದರೂ ಡೀಸೆಲ್ ಮುಂದೆ ಹೋಗುವುದಿಲ್ಲ.

ಮೊದಲ ಸ್ಟಾರ್ಟ್‌ಗೆ ಮುಂಚೆ, ಪ್ಲಗ್ ಇನ್ನೂ ಹೊರಗಿರುವಾಗಲೇ, ಡೀಸೆಲ್ ಬಂದ್ ಇಟ್ಟು ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬೇಡಿ, ನಡುವೆ ಒಂದು ನಿಮಿಷ ಬಿಡಿ. ಪ್ಲಗ್ ಹಾಕಿ, ಎರಡೂ ಇಂಜೆಕ್ಟರ್‌ನ ಪೈಪ್ ನಟ್ ಒಂದು ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಮುಚ್ಚಿ, ಡೀಸೆಲ್ ಚಿಮ್ಮುವವರೆಗೆ ಸೆಲ್ಫ್ ಕೊಟ್ಟು ಬಿಗಿಮಾಡಿ. ಕೈ ದೂರ ಇರಲಿ, ಕನ್ನಡಕ ಹಾಕಿಕೊಳ್ಳಿ: ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗಿದರೆ ಸಣ್ಣ ಗಾಯದಂತೆ ಕಂಡರೂ ಆಸ್ಪತ್ರೆಯ ಕೇಸು. ಏರ್ ಫಿಲ್ಟರ್ ಪೈಪಿನ ಬಾಯಿಗೆ ಸರಿಹೊಂದುವ ಒಂದು ಹಲಗೆ ತುಂಡು ಪಕ್ಕದಲ್ಲೇ ಇಟ್ಟುಕೊಳ್ಳಿ. ಇಂಜಿನ್ ತಾನಾಗಿ ರೇಸ್ ಆದರೆ ಗಾಳಿ ಮುಚ್ಚುವುದೇ ನಿಲ್ಲಿಸುವ ದಾರಿ, ಅಂಗೈ ಇಡಬೇಡಿ.

ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ತಣ್ಣಗಿರುವಾಗ ಬಿಳಿ ಹೊಗೆ ಬಂದು ಬಿಸಿಯಾದಾಗ ಹೋದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಎಂದರೆ ರಿಂಗ್ ಅಥವಾ ವಾಲ್ವ್ ಸೀಲ್. ಕಪ್ಪು ಹೊಗೆ ಎಂದರೆ ಮೊದಲು ಏರ್ ಫಿಲ್ಟರ್, ಆಮೇಲೆ ಇಂಜೆಕ್ಟರ್. ಇಂಜೆಕ್ಟರ್ ಬಿಚ್ಚಿ ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ಸ್ಪ್ರೇ ಚೆಕ್ ಮಾಡಿಸಿ. ಮತ್ತೆ ಕೂರಿಸುವಾಗ ತಳದ ವಾಷರ್ ಹೊಸದೇ ಇರಬೇಕು.

ಬೋರ್ ನೀರು ಬೇಡ

ಏಸ್ ಇಂಜಿನ್ ಸಾಯುವುದು ಹೆಚ್ಚಾಗಿ ಹೀಟ್ ಆಗಿ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ತುಂಬುವ ಅಭ್ಯಾಸ ನಮ್ಮ ಬಯಲುಸೀಮೆಯಲ್ಲಿ ಬಹಳ. ಆ ಗಡಸು ನೀರಿನ ಸುಣ್ಣ ರೇಡಿಯೇಟರ್ ಕೊಳವೆಗಳಲ್ಲಿ ಕೂರುತ್ತದೆ, ಗಾಡಿ ಖಾಲಿ ಓಡುವಾಗ ಏನೂ ಗೊತ್ತಾಗುವುದಿಲ್ಲ, ಲೋಡ್ ಹಾಕಿ ಘಾಟಿ ಹತ್ತಿಸಿದ ದಿನ ಹೆಡ್ ಬಾಗುತ್ತದೆ. ರೇಡಿಯೇಟರ್ ಬಿಚ್ಚಿ ಅಂಗಡಿಯಲ್ಲಿ ಸ್ವಚ್ಛ ಮಾಡಿಸಿ, ಹೋಸ್ ಎಲ್ಲ ಬದಲಿಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ ತುಂಬಿ.

ಥರ್ಮೋಸ್ಟಾಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹೀಟ್ ಆಗುತ್ತದೆ ಎಂದ ಕೂಡಲೇ ಅದನ್ನು ಕಿತ್ತು ಬಿಸಾಡುವುದು ಎಷ್ಟೋ ಗ್ಯಾರೇಜುಗಳ ರೂಢಿ. ಅದು ತಪ್ಪು. ಇಂಜಿನ್ ಸರಿಯಾದ ಬಿಸಿಗೆ ಬರದಿದ್ದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಸಿಲಿಂಡರ್ ಗೋಡೆ ಸವೆಯುತ್ತದೆ. ಪಾತ್ರೆಯ ನೀರಿನಲ್ಲಿ ಥರ್ಮೋಸ್ಟಾಟ್ ಮುಳುಗಿಸಿ ಕಾಯಿಸಿ. ಅದರ ಮೇಲೆ ಬರೆದ ಡಿಗ್ರಿಯ ಹತ್ತಿರ ಬಾಯಿ ತೆರೆಯಬೇಕು, ಕುದಿಯುವ ನೀರಿನಲ್ಲೂ ತೆರೆಯದಿದ್ದರೆ ಹೊಸದು ಹಾಕಿ. ಖಾಲಿ ಜಾಗ ಬಿಡಬೇಡಿ. ತಣ್ಣನೆ ಇಂಜಿನ್ನಿನಲ್ಲಿ ಮುಚ್ಚಳ ತೆರೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಬ್ರೇಕ್

ಇದನ್ನು ಮುಗಿಸದೆ ಗೇಟಿನಿಂದಾಚೆ ಗಾಡಿ ಹೋಗಬಾರದು. ಗಾಡಿ ಎತ್ತಿದ ಮೇಲೆ ಜಾಕಿಯೊಂದನ್ನೇ ನಂಬಿ ಅಡಿಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ. ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಅದು ಸೂಚನೆ ಕೊಡದೆ ಒಡೆಯುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದಿಟ್ಟು ನಿಲ್ಲಿಸಿದ ಗಾಡಿಯ ಹಿಂದಿನ ಲೈನರ್‌ಗಳು ಡ್ರಮ್ಮಿಗೆ ಅಂಟಿಕೊಂಡಿರುತ್ತವೆ. ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿ ಬಿಡಿಸಿ. ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿ, ಒಳಗೆ ಒದ್ದೆ ಕಂಡರೆ ಸೋರಿದೆ; ರಬ್ಬರ್ ಕಿಟ್ ಹಾಕುವುದಕ್ಕಿಂತ ಸಿಲಿಂಡರನ್ನೇ ಬದಲಿಸಿ, ಅದರ ಒಳಗೋಡೆ ತುಕ್ಕಾಗಿದ್ದರೆ ಹೊಸ ರಬ್ಬರ್ ಕಪ್ಪನ್ನೂ ಹರಿಯುತ್ತದೆ. ಮುಂದಿನ ಡಿಸ್ಕ್ ಕ್ಯಾಲಿಪರಿನ ಜಾರುವ ಪಿನ್ ಬಿಚ್ಚಿ, ತುಕ್ಕು ತೆಗೆದು, ರಬ್ಬರ್ ಕೆಡಿಸದ ಸಿಲಿಕೋನ್ ಗ್ರೀಸ್ ಹಚ್ಚಿ.

ಬ್ರೇಕ್ ಒತ್ತಿ ಬಿಟ್ಟ ಮೇಲೂ ಚಕ್ರ ಹಿಡಿದೇ ಇದ್ದರೆ ಒಂದು ಸುಲಭ ಪರೀಕ್ಷೆ ಇದೆ. ಆ ಚಕ್ರದ ಬ್ಲೀಡ್ ನಿಪ್ಪಲ್ (ಏರ್ ತೆಗೆಯುವ ಸಣ್ಣ ಸ್ಕ್ರೂ) ತೆರೆಯಿರಿ. ಫ್ಲೂಯಿಡ್ ಚಿಮ್ಮಿ ಚಕ್ರ ಸಡಿಲಾದರೆ ದೋಷ ಕ್ಯಾಲಿಪರಿನದ್ದಲ್ಲ. ರಬ್ಬರ್ ಹೋಸ್ ಒಳಗೆ ಉಬ್ಬಿ, ಒತ್ತಡ ಹಿಂದಕ್ಕೆ ಬರಲು ಬಿಡುತ್ತಿಲ್ಲ ಎಂದರ್ಥ. ನಿಪ್ಪಲ್ ತೆರೆದರೂ ಹಿಡಿದೇ ಇದ್ದರೆ ಪಿಸ್ಟನ್ ಜಾಮ್. ಹೊರಗಿನಿಂದ ಹೋಸ್ ಎಷ್ಟೇ ಚೆನ್ನಾಗಿ ಕಂಡರೂ ಹಳೇ ಗಾಡಿಯಲ್ಲಿ ಎಲ್ಲ ಹೋಸ್ ಬದಲಿಸುವುದೇ ಮೇಲು.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಪೆಡಲ್ ಒಮ್ಮೆಲೇ ಕೆಳಗೆ ಹೋಗುವುದು ಈ ಕಾರಣಕ್ಕೆ. ಹಳೆಯದನ್ನೆಲ್ಲ ಹೊರಹಾಕಿ, ಗಾಡಿಯ ಫ್ಲೂಯಿಡ್ ಡಬ್ಬದ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದನ್ನೇ ತುಂಬಿ. ಏರ್ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಭಾಗ) ದೂರದ ಚಕ್ರದಿಂದ ಆರಂಭ: ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ತಾಗುವವರೆಗೆ ತುಳಿಯಬೇಡಿ. ಕೆಳಗೆ ಮರದ ತುಂಡು ಇಡಿ. ಮಾಸ್ಟರಿನ ಕೊನೆಯ ಭಾಗದಲ್ಲಿ ಸೀಲ್ ಎಂದೂ ಓಡಾಡಿರುವುದಿಲ್ಲ, ಅಲ್ಲಿನ ತುಕ್ಕು ಅದನ್ನು ಸೀಳುತ್ತದೆ. ಕೊನೆಗೆ, ಇಂಜಿನ್ ಆಫ್ ಇರುವಾಗ ನಾಲ್ಕೈದು ಸಲ ಪೆಡಲ್ ತುಳಿದು, ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಪಂಪ್, ಅದರ ಪೈಪ್, ಬೂಸ್ಟರ್ ಈ ಮೂರರಲ್ಲಿ ಒಂದು ಕೆಟ್ಟಿದೆ.

ಅಡಿಭಾಗ ಮತ್ತು ತುಕ್ಕು

ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ (ಚಕ್ರ ಹೊರಳುವ ಕೀಲು). ಗೇರ್ ಬಾಕ್ಸ್‌ನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕ್ರಾಸಿನ ಕಪ್ಪಿನ ಸುತ್ತ ಕೆಂಪು ಪುಡಿ ಕಂಡರೆ ಗ್ರೀಸ್ ಒಣಗಿ ಸವೆದಿದೆ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಫ್ಲ್ಯಾಂಜಿಗೆ ಗುರುತು ಹಾಕಿಕೊಳ್ಳಿ. ಹಿಂದಿನ ಹೌಸಿಂಗ್ (ಡಿಫರೆನ್ಶಿಯಲ್) ಆಯಿಲ್ ಬಿಳಿಚಿದ್ದರೆ ನೀರು ನುಗ್ಗಿದೆ. ಮೇಲಿನ ಬ್ರೀದರ್ (ಗಾಳಿ ಹೋಗುವ ತೂತು) ಕಟ್ಟಿದ್ದರೆ ಎಷ್ಟು ಸಲ ಸೀಲ್ ಬದಲಿಸಿದರೂ ಸೋರುತ್ತದೆ. ಹೌಸಿಂಗ್‌ಗೆ ಜಿಎಲ್-5, ಗೇರ್ ಬಾಕ್ಸ್‌ಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್ ಎಂದು ಪುಸ್ತಕ ಹೇಳಿದ್ದರೆ ಅದನ್ನೇ ಪಾಲಿಸಿ. ಜಿಎಲ್-5ರ ಗಂಧಕದ ಮಿಶ್ರಣ ಹಿತ್ತಾಳೆ ರಿಂಗ್‌ಗಳನ್ನು ತಿನ್ನಬಹುದು.

ತುಕ್ಕಿನ ವಿಷಯಕ್ಕೆ ಬಂದರೆ, ಕ್ಯಾಬಿನ್ನಿನ ರಬ್ಬರ್ ಮ್ಯಾಟ್ ಕಿತ್ತು ನೋಡದೆ ಯಾವ ನಿರ್ಧಾರಕ್ಕೂ ಬರಬೇಡಿ. ಮಲೆನಾಡಿನ ಗಾಡಿಗಳಲ್ಲಿ ಮಳೆಗಾಲವಿಡೀ ಮ್ಯಾಟ್ ಕೆಳಗೆ ಒದ್ದೆ ಇರುತ್ತದೆ. ಡೋರ್ ಅಡಿಯ ನೀರು ಹೋಗುವ ತೂತುಗಳನ್ನು ವೈರ್ ಹಾಕಿ ತೆರೆಯಿರಿ, ವಿಂಡ್‌ಶೀಲ್ಡ್ ರಬ್ಬರಿನ ಕೆಳಮೂಲೆ ಒತ್ತಿ ನೋಡಿ.

ಕೊಳೆತ ತಗಡಿನ ಮೇಲೆ ಫೈಬರ್ ಬಟ್ಟೆ ಅಂಟಿಸಿ ಪುಟ್ಟಿ ಬಳಿದರೆ ಎರಡು ಮಳೆಗಾಲವೂ ಬಾಳುವುದಿಲ್ಲ. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. 1 ಅಥವಾ 1.2 ಮಿ.ಮೀ. ತಗಡು ಅಳತೆಗೆ ಕತ್ತರಿಸಿ, 0.8 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್‌ನಲ್ಲಿ ಮೊದಲು 25 ಮಿ.ಮೀ.ಗೆ ಒಂದರಂತೆ ಚುಕ್ಕಿ ಹಾಕಿ, ಎದುರುಬದುರು ಜಾಗ ಬದಲಿಸುತ್ತ ತುಂಬಿ. ಒಂದೇ ಕಡೆಯಿಂದ ಎಳೆದರೆ ತಗಡು ಹಪ್ಪಳದಂತೆ ಮುದುಡುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಿ, ಡೈನಮೋ ವೈರ್ ಬಿಚ್ಚಿ, ಡೀಸೆಲ್ ಪೈಪ್ ದೂರ ಸರಿಸಿ. ಗುಂಡಿಗಳಲ್ಲಿ ಉಳಿದ ತುಕ್ಕಿಗೆ ಮಾತ್ರ ರಸ್ಟ್ ಕನ್ವರ್ಟರ್ ಹಚ್ಚಿ, ಒಂದು ದಿನ ಒಣಗಿ ಕಪ್ಪಾಗಲಿ. ಪದರ ಪದರವಾಗಿ ಏಳುವ ತುಕ್ಕಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಆಮೇಲೆ ಎಪಾಕ್ಸಿ ಪ್ರೈಮರ್, ಜಾಯಿಂಟ್‌ಗಳಿಗೆ ಸೀಲರ್, ಕೊನೆಗೆ ಪೇಂಟ್. ಮಳೆ ಮೋಡ ಇರುವ ದಿನ ಪೇಂಟ್ ಬೇಡ.

ಬಾಡಿ ತಳಕ್ಕೆ ಅಲ್ಯೂಮಿನಿಯಂ ಚೆಕರ್ಡ್ ಶೀಟ್ ಹಾಸುವವರು ಕಬ್ಬಿಣದೊಂದಿಗೆ ನೇರ ತಾಗದಂತೆ ನಡುವೆ ರಬ್ಬರ್ ಹಾಕಿ. ಎರಡು ಲೋಹ ಒದ್ದೆಯಲ್ಲಿ ತಾಗಿದರೆ ತುಕ್ಕು ಇನ್ನೂ ಬೇಗ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು, ಬಾಡಿ ಎತ್ತರಿಸುವುದಕ್ಕೂ ಆರ್‌ಟಿಒ ಒಪ್ಪಿಗೆ ಬೇಕು.

ವೈರಿಂಗ್ ಸಮಸ್ಯೆಗಳಲ್ಲಿ ಹೆಚ್ಚಿನವು ಅರ್ಥಿಂಗ್‌ನವು. ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿ ನೆಗೆಟಿವ್‌ನಿಂದ ಇಂಜಿನ್ ಬ್ಲಾಕಿಗೆ ವೋಲ್ಟ್ ಅಳೆಯಿರಿ. 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ಥ್ ಪಟ್ಟಿ ಬಿಚ್ಚಿ ಉಜ್ಜಿ, ಇಲ್ಲವೇ ಬದಲಿಸಿ. ವಿಶ್ರಾಂತಿಯಲ್ಲಿ ಬ್ಯಾಟರಿ 12.6, ಓಡುವಾಗ 13.8ರಿಂದ 14.4 ವೋಲ್ಟ್ ಇರಬೇಕು. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ನೋಡಿ: 2314 ಎಂದರೆ 2014ರ 23ನೇ ವಾರ. ಟೈರಿನ ಹಲ್ಲು ಎಷ್ಟೇ ಉಳಿದಿರಲಿ, ಹತ್ತು ವರ್ಷದ ಟೈರ್ ಮೇಲೆ ಲೋಡ್ ಹಾಕಬೇಡಿ. ಏಸ್‌ಗೆ 145 ಆರ್12 ಎಲ್‌ಟಿ, 8 ಪ್ಲೈ. ಕಾರಿನ ಟೈರ್ ಹಾಕಬೇಡಿ.

ಎಫ್‌ಸಿಗೆ ಹೋಗುವ ಮೊದಲು ಎಲ್ಲ ಲೈಟು, ಹಾರ್ನ್, ವೈಪರ್, ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ನೋಡಿಕೊಳ್ಳಿ. ಬಿಎಸ್4ಗಿಂತ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟತೆಯ ಅಳತೆ). ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿದ ಮೇಲೆಯೇ ಹೊಗೆ ಪರೀಕ್ಷೆಗೆ ಒಡ್ಡಿ. ತಣ್ಣನೆ ಇಂಜಿನ್ ಸುಮ್ಮನೆ ಫೇಲ್ ಆಗುತ್ತದೆ. ಮೊದಲ 500 ಕಿ.ಮೀ. ಖಾಲಿ ಅಥವಾ ಅರ್ಧ ಲೋಡ್‌ನಲ್ಲಿ ಓಡಿಸಿ, ಸ್ಪ್ರಿಂಗ್ ಯು ಬೋಲ್ಟ್, ವೀಲ್ ನಟ್, ಶಾಫ್ಟ್ ಬೋಲ್ಟ್ ಮತ್ತೆ ಟಾರ್ಕ್ ರೆಂಚ್‌ನಲ್ಲಿ ಬಿಗಿಮಾಡಿ. ಡೀಸೆಲ್ ಫಿಲ್ಟರಿನ ನೀರು ಇಳಿಸಿ, ಇಂಜಿನ್ ಆಯಿಲ್ ಇನ್ನೊಮ್ಮೆ ಬದಲಿಸಿ. ಒಳಗೆ ಕೂತಿದ್ದ ಹಳೇ ಕೊಳೆ ಈ ಮೊದಲ ಆಯಿಲಿನಲ್ಲೇ ಕರಗಿ ಹೊರಬರುವುದು.